ಎಂಟು ದಿನ ನೋಡಿ ಹೇಳುವವರು

ಅವರ ಬಾಯಲ್ಲಿ ಯಾವಾಗಲೂ ಐದಾರು ಸಣ್ಣ ಮೊಳೆಗಳಿರುತ್ತಿದ್ದವು. ತುಟಿಗಳ ನಡುವೆ ಸಾಲಾಗಿ ಹಿಡಿದುಕೊಂಡು, ಒಂದೊಂದನ್ನೇ ತೆಗೆದು ಪಟದ ಹಿಂದಿನ ರಟ್ಟಿಗೆ ಹೊಡೆಯುತ್ತಿದ್ದರು. ಆಗ ಏನು ಕೇಳಿದರೂ "ಹ್ಞೂಂ", "ಊಹೂಂ" ಅಷ್ಟೇ. ಮೊಳೆಗಳನ್ನೆಲ್ಲ ಅಂಗೈಗೆ ಉಗುಳಿಕೊಂಡು ಮುಖ ನೋಡಿದರೆಂದರೆ ಏನೋ ಹೇಳುವುದಿದೆ ಎಂದು ಅರ್ಥ. ಆ ಗಳಿಗೆಗೆ ನಾನು ಹೆದರುತ್ತಿದ್ದೆ.

ಕಡೂರಿನ ಬಸ್ ನಿಲ್ದಾಣದ ಎದುರು ಅವರದು ಪಟಗಳಿಗೆ ಕಟ್ಟು ಹಾಕುವ ಅಂಗಡಿ. ಊರಿಗೆಲ್ಲ ಅವರು ಪಟದಂಗಡಿ ಯಜಮಾನರು. ಮೂಲ ಹಿರೇನಲ್ಲೂರು. ಹಣೆ ತುಂಬ ವಿಭೂತಿ, ಹೆಬ್ಬೆರಳ ತುಂಬ ಗಾಜು ಕೊಯ್ದ ಗೆರೆಗಳು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿನ ಹೈಸ್ಕೂಲಿಗೆ ಡ್ರಾಯಿಂಗ್ ಮೇಷ್ಟರಾಗಿ ಬಂದೆ. ಅಜ್ಜಂಪುರದವನು, ವಯಸ್ಸು ಇಪ್ಪತ್ತಾರು, ಕೂತಲ್ಲಿ ಕೂರುವವನಲ್ಲ, ನಿಂತಲ್ಲಿ ನಿಲ್ಲುವವನಲ್ಲ. ಚಿತ್ರ ಕಣ್ಣಿಗೆ ಬಿದ್ದರೆ ಒಳ್ಳೆಯದೋ ಕೆಟ್ಟದ್ದೋ ಅಲ್ಲೇ ಹೇಳಿಬಿಡಬೇಕು. ಹೇಳದಿದ್ದರೆ ಹೊಟ್ಟೆ ಉಬ್ಬರಿಸಿದಂತಾಗುತ್ತಿತ್ತು.

ಇಂಥವನು ಅವರ ಪದ್ಧತಿಯನ್ನು ಸಹಿಸುವುದು ಹೇಗೆ? ಕಟ್ಟು ಹಾಕಿದ ಪಟವನ್ನು ಅವರು ಕೂಡಲೇ ಕೊಡುತ್ತಿರಲಿಲ್ಲ. ತಾವು ಕೂರುವ ಜಾಗದ ಎದುರುಗೋಡೆಗೆ ಎಂಟು ದಿನ ನೇತುಹಾಕುತ್ತಿದ್ದರು. ದೇವರ ಪಟವಾಗಲಿ, ಮದುವೆ ಫೋಟೋ ಆಗಲಿ, ಯಾವುದಕ್ಕೂ ವಿನಾಯಿತಿ ಇಲ್ಲ. ಗಿರಾಕಿಗಳು ಬೈದರೆ "ಸರೇಸು ಒಣಗ್ಬೇಕು ಕಣಪ್ಪಾ" ಎಂದು ಸಾಗಹಾಕುತ್ತಿದ್ದರು. ಅಂಟು ಒಂದೇ ದಿನಕ್ಕೆ ಒಣಗುತ್ತದೆಂದು ನನಗೆ ಗೊತ್ತಿಲ್ಲವೇ? ಒಮ್ಮೆ ಜಗಳಕ್ಕೇ ನಿಂತೆ.

"ನೋಡಿದ್ದನ್ನೇ ನೋಡಿ ಏನು ಸಿಗುತ್ತೆ ಯಜಮಾನ್ರೇ?"

ಮೊಳೆಗಳು ಅಂಗೈಗೆ ಬಂದವು. "ಕೆಲವು ಪಟ ಎರಡು ದಿನಕ್ಕೆ ಖಾಲಿ ಆಗ್ಬಿಡ್ತವೆ ಮೇಷ್ಟ್ರೇ. ಗೋಡೆ ಮೇಲೆ ಇದ್ರೂ ಕಣ್ಣಿಗೆ ಬೀಳಲ್ಲ. ಕೆಲವು ಎಂಟ್ನೇ ದಿನಾನೂ ಕರೀತವೆ. ಅದು ಮೊದಲ್ನೇ ದಿನ ಗೊತ್ತಾಗಲ್ಲ ಕಣ್ರೀ."

ನನ್ನದೇ ಒಂದು ಚಿತ್ರವನ್ನು ಕೊಟ್ಟು ನೋಡಿದೆ. ಸಂಜೆಯ ಬಿಸಿಲಲ್ಲಿ ಸ್ಟೇಷನ್ನಿಗೆ ರೈಲು ಬರುತ್ತಿರುವ ಜಲವರ್ಣ. ದಿನಕ್ಕೆರಡು ಸಲ ಅಂಗಡಿಗೆ ಹೋಗಿ ಅವರ ಮುಖ ನೋಡಿ ಬರುತ್ತಿದ್ದೆ. ಎಂಟನೆಯ ದಿನ ಹೇಳಿದರು: "ರೈಲು ಚೆನ್ನಾಗೈತೆ. ಮೂರ್ನೇ ದಿನ ಹೊಂಟೋಯ್ತು." ಆ ಸಿಟ್ಟು ಇಳಿಯಲು ನನಗೆ ಒಂದು ತಿಂಗಳು ಬೇಕಾಯಿತು.

ಒಂದು ಭಾನುವಾರ ತರೀಕೆರೆಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಇಬ್ಬರೂ ಅಮೃತಾಪುರದ ದೇವಸ್ಥಾನಕ್ಕೆ ಹೋದೆವು. ನಾನು ಅರ್ಧ ಗಂಟೆಯಲ್ಲಿ ಕೆತ್ತನೆಗಳನ್ನೆಲ್ಲ ಸುತ್ತಿ, ಯಾವುದು ಮೇಲು ಯಾವುದು ಕೀಳೆಂದು ತೀರ್ಮಾನಿಸಿ ಬಂದೆ. ಅವರು ಇನ್ನೂ ಮೊದಲನೆಯ ಕಲ್ಲಿನ ಮುಂದೆಯೇ ಇದ್ದರು. "ಇದ್ರಾಗೆ ಕೋತಿ ಎಷ್ಟವೆ ಹೇಳಿ" ಎಂದರು. ನನಗೆ ಒಂದು ಕೋತಿಯೂ ಕಂಡಿರಲಿಲ್ಲ.

ಇದೆಲ್ಲ ನಗೆಚಾಟಿಕೆಯಾಗಿಯೇ ಉಳಿಯುತ್ತಿತ್ತೇನೋ. ಆದರೆ ಆ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಚಿತ್ರಸ್ಪರ್ಧೆ ಇಟ್ಟರು. ವಿಷಯ ನಮ್ಮೂರ ಬೇಸಿಗೆ, ತೀರ್ಪುಗಾರ ನಾನೊಬ್ಬನೇ. ನಲವತ್ತು ಚಿತ್ರಗಳನ್ನು ಒಂದು ಪೀರಿಯಡ್ಡಿನಲ್ಲಿ ಮುಗಿಸಿದೆ. ಎರಡು ಹಸಿರು ಬೆಟ್ಟ, ನಡುವೆ ಸೂರ್ಯ, ಕೆಳಗೆ ನೀಲಿ ಸರೋವರ, ಅದರಲ್ಲೊಂದು ದೋಣಿ ಬರೆದವನಿಗೆ ಮೊದಲ ಬಹುಮಾನ. ಕಡೂರಿನ ಬೇಸಿಗೆಯಲ್ಲಿ ದೋಣಿ ಎಲ್ಲಿ ತೇಲುತ್ತದೆಂದು ನನಗೆ ಹೊಳೆಯಲೇ ಇಲ್ಲ. ಬಣ್ಣ ಎಲ್ಲೂ ಗೆರೆ ದಾಟಿರಲಿಲ್ಲ, ಅದು ಸಾಕಾಗಿತ್ತು.

ಯಗಟಿಯಿಂದ ಬಸ್ಸಿನಲ್ಲಿ ಬರುವ ಒಂಬತ್ತನೆಯ ಕ್ಲಾಸಿನ ಹುಡುಗಿಯೊಬ್ಬಳು ಬರಿಯ ಪೆನ್ಸಿಲ್ಲಿನಲ್ಲಿ ಕುರಿಮಂದೆ ಬರೆದಿದ್ದಳು. ಬೋಳು ನೆಲ, ಒತ್ತೊತ್ತಾಗಿ ನಿಂತ ಕುರಿಗಳು. ಒಂದಕ್ಕೂ ತಲೆಯಿಲ್ಲ. ಅದನ್ನು ಕ್ಲಾಸಿನ ಮುಂದೆ ಎತ್ತಿ ಹಿಡಿದು, "ಏನಮ್ಮಾ, ತಲೆ ಬರೆಯೋಕೆ ಬರದಿದ್ರೆ ಕುರಿ ಯಾಕೆ ಬರೆದೆ?" ಎಂದೆ. ಎಲ್ಲರೂ ನಕ್ಕರು. ಅವಳು ಏನೋ ಹೇಳಲು ಬಾಯಿ ತೆರೆದಳು, ನಾನು ಕಾಯಲಿಲ್ಲ. ಹಾಳೆಯ ಮೂಲೆಯಲ್ಲಿ ಕೆಂಪು ಶಾಯಿಯಿಂದ "ತಲೆಗಳಿಲ್ಲ" ಎಂದು ಬರೆದೆ. ಅಷ್ಟಕ್ಕೇ ಬಿಡದೆ, ಬಹುಮಾನದ ಮೂರು ಚಿತ್ರಗಳನ್ನು ಕಟ್ಟು ಹಾಕಿಸಲು ಒಯ್ಯುವಾಗ ಕೊಳೆಯಾಗದಿರಲೆಂದು ಅವುಗಳ ಮೇಲೆ ಆ ಹಾಳೆಯನ್ನೇ ಸುತ್ತಿಕೊಂಡು ಹೋದೆ.

ಯಜಮಾನರು ಸುರುಳಿ ಬಿಚ್ಚಿದರು. ಒಳಗಿನ ಮೂರನ್ನು ಪಕ್ಕಕ್ಕಿಟ್ಟು ಹೊರಗಿನದನ್ನೇ ನೋಡತೊಡಗಿದರು. ಮೊಳೆಗಳು ಅಂಗೈಗೆ ಬಂದವು.

"ಇದನ್ಯಾಕೆ ಸುತ್ತಿದ್ರಿ?"

"ಅದು ಲೆಕ್ಕಕ್ಕಿಲ್ಲ ಬಿಡಿ. ತಲೆಗಳನ್ನೇ ಬರೆದಿಲ್ಲ ನೋಡಿ."

"ಮೇಷ್ಟ್ರೇ, ನಡುಮಧ್ಯಾಹ್ನ ಯಗಟಿ ಕಡೆ ಹೋಗಿದೀರಾ? ಮರ ಇಲ್ದಿರೋ ಬಯಲಲ್ಲಿ ಬಿಸಿಲು ನೆತ್ತಿಗೆ ಬಂದ್ರೆ, ಕುರಿಗಳು ಒಂದರ ಹೊಟ್ಟೆ ಕೆಳಗೆ ಒಂದು ತಲೆ ತೂರಿಸ್ಕೊಂಡು ನಿಂತ್ಬಿಡ್ತವೆ. ನೆರಳು ಅಂತ ಇರೋದು ಅಲ್ಲೊಂದೇ. ತಲೆ ಹೆಂಗೆ ಕಾಣುತ್ತೆ?"

ಫಲಿತಾಂಶ ಆಗಲೇ ನೋಟಿಸ್ ಬೋರ್ಡಿಗೆ ಹತ್ತಿತ್ತು. "ಈಗ ಬದಲಾಯಿಸಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?" ಎಂದೆ.

"ಬಹುಮಾನ ಯಾರಿಗಾದ್ರೂ ಕೊಟ್ಕೊಳ್ಳಿ. ಆ ಮಗೀಗೆ ತಪ್ಪಾಯ್ತು ಅಂತ ಒಂದು ಮಾತು ಹೇಳಿ, ಸಾಕು."

ಮೂರು ಚಿತ್ರಗಳಿಗೂ ಅಂದೇ ಕಟ್ಟು ಹಾಕಿ ಕೈಗಿತ್ತರು. "ಎಂಟು ದಿನ ಬೇಡ್ವಾ?" ಎಂದರೆ, "ಇವಕ್ಕಾ? ಬೇಡ" ಎಂದರು. ಕುರಿಗಳ ಚಿತ್ರಕ್ಕೆ, ನನ್ನ ಕೆಂಪು ಶಾಯಿಯ ಸಮೇತ, ತಾವಾಗಿಯೇ ಒಳ್ಳೆಯ ಮರದ ಕಟ್ಟು ಹಾಕಿ ಎದುರುಗೋಡೆಗೆ ತೂಗುಹಾಕಿದರು.

ಮರುದಿನದಿಂದ ಯಗಟಿ ಬಸ್ಸಿಗೆ ಕಾಯುವವರೆಲ್ಲ ಅಂಗಡಿಯ ಮುಂದೆ ನಿಲ್ಲತೊಡಗಿದರು. ಹೆಗಲ ಮೇಲೆ ಕಂಬಳಿ ಹೊದ್ದ ಒಬ್ಬ, "ಹನ್ನೆರಡು ಗಂಟೆ ಬಿಸಿಲು ಕಣೋ ಇದು, ನೋಡಿದ್ರೇ ಬೆವರ್ತದೆ" ಎಂದ. ಜೊತೆಗಿದ್ದವನು ಮೂಲೆಯ ಅಕ್ಷರಗಳನ್ನು ಕೂಡಿಸಿ ಓದಿ, "ತಲೆಗಳಿಲ್ಲ ಅಂತ ಬರೆದವ್ನಲ್ಲೋ! ಯಾವನ್ಲಾ ಇವ್ನು, ಕುರಿನೇ ಕಂಡಿಲ್ವಾ?" ಎಂದು ಬಿದ್ದು ಬಿದ್ದು ನಕ್ಕ. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. ಯಜಮಾನರು ನನ್ನ ಕಡೆ ತಿರುಗಲೂ ಇಲ್ಲ. ಬಾಯಿಗೆ ಮೊಳೆ ತುಂಬಿಕೊಂಡು ಮುಂದಿನ ಪಟಕ್ಕೆ ಕೈ ಹಾಕಿದರು.

ಬಹುಮಾನ ದೋಣಿಗೇ ಹೋಯಿತು. ಅಂದಿನಿಂದ ನನಗೆ ನೆಮ್ಮದಿ ಎಂಬುದೇ ಇಲ್ಲವಾಯಿತು. ಇವತ್ತು ಹೇಳಿಬಿಡುತ್ತೇನೆ ಎಂದು ಮನೆಯಿಂದ ಹೊರಡುವುದು, ಕ್ಲಾಸಿನ ಬಾಗಿಲಿಗೆ ಬರುವಷ್ಟರಲ್ಲಿ ನಾಳೆ ನೋಡೋಣ ಎನ್ನುವುದು. ಅಂಗಡಿಯ ದಾರಿ ತಪ್ಪಿಸಲು ಸೈಕಲ್ಲನ್ನು ಬೇರೆ ಬೀದಿಗೆ ತಿರುಗಿಸುತ್ತಿದ್ದೆ. ಹಾಗೆ ಒಂದು ವರ್ಷ ಕಳೆಯಿತು ಎಂದು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ.

ಹತ್ತನೆಯ ಕ್ಲಾಸಿನಲ್ಲಿ ನಾನಿಟ್ಟ ಒಂದು ಕಿರುಪರೀಕ್ಷೆಯಲ್ಲಿ ಅವಳು ಮತ್ತೆ ಕುರಿ ಬರೆದಳು. ಈ ಸಲ ಹನ್ನೆರಡು ಕುರಿಗಳು ಸಾಲಾಗಿ ತಲೆಯೆತ್ತಿ ನಿಂತಿದ್ದವು. ಕಣ್ಣು, ಕಿವಿ, ಮೂಗು ಎಲ್ಲ ಅಚ್ಚುಕಟ್ಟು. ಪೆದ್ದನಂತೆ ಖುಷಿಪಟ್ಟೆ. ಹುಡುಗಿ ಸುಧಾರಿಸಿದ್ದಾಳೆ, ನನ್ನ ತಪ್ಪು ತಾನಾಗಿಯೇ ತೊಳೆದುಹೋಯಿತು ಎಂದುಕೊಂಡು ಹಾಳೆಯನ್ನು ಯಜಮಾನರಲ್ಲಿಗೆ ಒಯ್ದೆ. ಅವರು ನೋಡಿದ್ದು ಒಂದೇ ನಿಮಿಷ.

"ಇದನ್ನ ಆ ಮಗು ಬರೆದಿಲ್ಲ ಮೇಷ್ಟ್ರೇ. ನೀವು ಬರೆದಿದೀರಿ."

ಮರುದಿನ ಕ್ಲಾಸಿನಲ್ಲಿ ಎಲ್ಲರೆದುರು ಹೇಳಿದೆ: ಹೋದ ವರ್ಷದ ಕುರಿಗಳು ಸರಿಯಾಗಿದ್ದವು, ನೋಡಲು ಬಾರದವನು ನಾನು. ಅವಳು ಎದ್ದು ನಿಂತಳು. "ಗೊತ್ತಿತ್ತು ಸಾರ್. ನಮ್ಮಪ್ಪ ಆವತ್ತೇ ನಕ್ಕಿದ್ರು." "ಮತ್ಯಾಕಮ್ಮಾ ಈಗ ತಲೆ ಬರೆದೆ?" "ಮಾರ್ಕ್ಸ್ ಬೇಕಿತ್ತು ಸಾರ್." ಆಮೇಲೆ ಅವಳು ಬರೆದದ್ದು ಸಿಲಬಸ್ಸಿನ ಹೂಜಿ, ಎಲೆ ಅಷ್ಟೇ. ಪಾಸಾಗಿ ಊರಿಗೆ ಹೋದಳು.

ಎಂಬತ್ತರ ದಶಕದ ಮೊದಲಲ್ಲಿ ಯಜಮಾನರು ಹಾಸಿಗೆ ಹಿಡಿದರು. ಅಂಗಡಿ ಬಾಗಿಲು ಹಾಕಿತು. ಹಿರೇನಲ್ಲೂರಿಗೆ ನೋಡಲು ಹೋದೆ. ಮೊಳೆಗಳಿಲ್ಲದ ಬಾಯಿ ಗುರುತೇ ಸಿಗದಂತಿತ್ತು. ಎಲ್ಲ ಬಿಟ್ಟು ಅದನ್ನೇ ಕೇಳಿದರು: "ಆ ಮಗು ಬರೀತೈತಾ?"

"ಬರೀತಿದಾಳೆ ಯಜಮಾನ್ರೇ. ಕುರಿಗಳನ್ನೇ ಬರೀತಾಳೆ."

"ಮೊದ್ಲಿನಂಗೇನಾ?"

"ಮೊದ್ಲಿನ ಹಾಗೇ."

ಹಸಿ ಸುಳ್ಳು. "ಹಂಗಾದ್ರೆ ಸರಿ ಬಿಡಿ" ಎಂದು ಕಣ್ಣು ಮುಚ್ಚಿಕೊಂಡರು. ನಾಲ್ಕನೆಯ ದಿನ ಹೋಗಿಬಿಟ್ಟರು.

ಮಣ್ಣು ಮಾಡಿ ಬಂದ ಮೇಲೆ ನನಗೆ ಕೂರಲಾಗಲಿಲ್ಲ. ಹೇಳಿದ ಸುಳ್ಳನ್ನು ನಿಜ ಮಾಡಬೇಕಿತ್ತು. ಅವರ ಮಗನಿಂದ ಆ ಪಟವನ್ನು ಕೇಳಿ ಪಡೆದು, ಒಂದು ಕಟ್ಟು ಡ್ರಾಯಿಂಗ್ ಹಾಳೆಯನ್ನೂ ಪೆನ್ಸಿಲ್ಲುಗಳನ್ನೂ ಹಿಡಿದು ಯಗಟಿ ಬಸ್ಸು ಹತ್ತಿದೆ. ಅವಳು ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟು ಬಂದು ಪಟವನ್ನು ನೋಡಿದಳು. ಯಾರೋ ಬೇರೆಯವರು ಬರೆದದ್ದನ್ನು ನೋಡುವಂತೆ ನೋಡಿ, "ಚೆನ್ನಾಗೈತೆ ಸಾರ್" ಎಂದಳು. ಹಾಳೆಗಳನ್ನು ಕೊಟ್ಟು, ಮತ್ತೆ ಬರೆಯಬೇಕಮ್ಮಾ ಎಂದೆ. ಎರಡೂ ಕೈಯಿಂದ ಇಸಿದುಕೊಂಡಳು.

"ಬರೀತೀನಿ ಸಾರ್. ಏನು ಬರೀಬೇಕು, ಹೇಳಿ."

ಎದುರು ಬಯಲಿನಲ್ಲಿ ಕುರಿಗಳಿದ್ದವು. ಕುರಿ ಎಂದರೆ ಅದನ್ನೂ ನಾನೇ ಬರೆದಂತಾಗುತ್ತಿತ್ತು. ಅವಳು ಹಾಳೆ ಹಿಡಿದುಕೊಂಡು ಕಾಯುತ್ತಲೇ ಇದ್ದಳು.