ಹದಿನೈದನೆಯ ಕೋಲು

ಜೊತೆಗೆ ಆಡುವ ಹುಡುಗಿಯರು ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಬೇರೆ ಕಸುಬಿನಲ್ಲಿ ನಲವತ್ತೊಂದು ಎಂದರೆ ದುಡಿಯುವ ವಯಸ್ಸು. ಗಾಲ್ಫ್ ಆಡಿ ಹೊಟ್ಟೆ ಹೊರೆಯುವವರ ನಡುವೆ ಅದು ಅಜ್ಜಿಯಾಗುವ ವಯಸ್ಸು. ಹತ್ತೊಂಬತ್ತು ವರ್ಷದ ಆಟದಲ್ಲಿ ಅವಳು ಗೆದ್ದದ್ದು ಎರಡೇ ಸಲ, ಎರಡೂ ಮೂವತ್ತರೊಳಗೆ. ಆಮೇಲಿನದೆಲ್ಲ ಬರೀ ಉಳಿದುಕೊಳ್ಳುವ ಪಾಡು. ವರ್ಷದ ಕೊನೆಗೆ ಗಳಿಕೆಯ ಪಟ್ಟಿಯ ಮೊದಲ ಅರವತ್ತು ಮಂದಿಗೆ ಮಾತ್ರ ಮುಂದಿನ ವರ್ಷ ಜಾಗ. ಉಳಿದವರು ಮತ್ತೆ ಅರ್ಹತಾ ಪಂದ್ಯಕ್ಕೆ ಹೋಗಿ, ಹದಿನೆಂಟರ ಪೋರಿಯರ ಜೊತೆ ಸಾಲಿನಲ್ಲಿ ನಿಲ್ಲಬೇಕು. ಆ ಸಾಲಿನಲ್ಲಿ ನಿಲ್ಲಬಾರದು ಎಂಬುದೊಂದೇ ಅವಳ ಹಟವಾಗಿತ್ತು.

ಅಪ್ಪ ಗಾಲ್ಫ್ ಮೈದಾನವೊಂದರಲ್ಲಿ ಮೂವತ್ತನಾಲ್ಕು ವರ್ಷ ಹುಲ್ಲು ಕತ್ತರಿಸಿದವನು. ಯಂತ್ರಗಳ ಶೆಡ್ಡಿನ ಹಿಂದೆಯೇ ಮನೆ. ಊಟದ ತಟ್ಟೆಗೂ ಡೀಸೆಲ್ಲಿನ ವಾಸನೆ. ಮಗಳು ಆರು ವರ್ಷದವಳಿದ್ದಾಗ, ಯಾರೋ ಸಿಟ್ಟಿನಲ್ಲಿ ಕೊಳಕ್ಕೆ ಎಸೆದುಹೋದ ಕೋಲೊಂದನ್ನು ಅಪ್ಪ ಎತ್ತಿ ತಂದು, ಗರಗಸದಿಂದ ಅರ್ಧಕ್ಕೆ ಕುಯ್ದು, ಹಿಡಿಗೆ ಸೈಕಲ್ ಟ್ಯೂಬು ಬಿಗಿದು ಕೊಟ್ಟ. ಅದಕ್ಕೆ ಗಿಡ್ಡ ಎಂದು ಹೆಸರಾಯಿತು. ಕೋಲಿನ ಏಟಿಗೆ ಹುಲ್ಲು ಕಿತ್ತು ನೆಲದಲ್ಲಿ ಗುಂಡಿ ಬೀಳುತ್ತದೆ. ಕೊಡುವಾಗ ಒಂದು ಷರತ್ತು ಹಾಕಿದ: "ಕಿತ್ತ ಹುಲ್ಲನ್ನ ಕಿತ್ತೋರೇ ಮುಚ್ಚಬೇಕು."

ಒಮ್ಮೆ ಅವಳು ಮುಚ್ಚದೆ ಬಂದು, "ಅದು ನಾನಲ್ಲ, ಯಾರೋ ದೊಡ್ಡೋರು" ಎಂದು ಸುಳ್ಳು ಹೇಳಿದ್ದಳು. ಅಪ್ಪ ಗುಂಡಿಯಲ್ಲಿ ಹೆಬ್ಬೆರಳಿಟ್ಟು ನೋಡಿದ. "ದೊಡ್ಡೋರ ಏಟು ಇಷ್ಟು ಚಿಕ್ಕದಾಗಿರಲ್ಲ" ಎಂದ. ಗಿಡ್ಡ ಒಂದು ವಾರ ಅಟ್ಟದ ಮೇಲಿತ್ತು.

ಆ ವರ್ಷದ ಕೊನೆಯ ಪಂದ್ಯಕ್ಕೆ ಬರುವಾಗ ದೊಡ್ಡಕ್ಕ ಪಟ್ಟಿಯಲ್ಲಿ ಅರವತ್ತನಾಲ್ಕನೆಯವಳು. ಮೊದಲ ಇಪ್ಪತ್ತರೊಳಗೆ ಮುಗಿಸಿದರೆ ಜಾಗ ಉಳಿಯುತ್ತಿತ್ತು. ಮುಳುಗುವ ದೋಣಿಯೆಂದು ಬಗೆದು ಅವಳ ಕೋಲುಗಳ ಚೀಲ ಹೊರುವ ಕ್ಯಾಡಿ ಬೇರೊಬ್ಬಳ ಚೀಲ ಹೊತ್ತಿದ್ದ. ನಿವೃತ್ತನಾಗಿ ಮನೆಯಲ್ಲಿ ನೊಣ ಹೊಡೆಯುತ್ತಿದ್ದ ಅಪ್ಪ, "ನಾನು ಹೊರ್ತೀನಿ ಬಿಡು" ಎಂದ. ಅರವತ್ತೆಂಟರ ಮುದುಕ. ಆದರೆ ಹುಲ್ಲು ಯಾವ ಕಡೆ ಒರಗಿದೆ, ಚೆಂಡು ಎಲ್ಲಿ ತಿರುಗುತ್ತದೆ ಎಂದು ಅವನಷ್ಟು ಚೆನ್ನಾಗಿ ಹೇಳುವವರು ಅಲ್ಲಿ ಇನ್ನೊಬ್ಬರಿರಲಿಲ್ಲ. ಮೂರು ದಿನದಲ್ಲಿ ಮಗಳು ಹದಿನಾರನೆಯ ಸ್ಥಾನಕ್ಕೆ ಬಂದಳು.

ಹುಲ್ಲಿನ ವಿದ್ಯೆ ಅವನಿಗೆ ಕರಗತ; ಆಟದ ಕಾನೂನು ಅಷ್ಟಕ್ಕಷ್ಟೇ. ಚೀಲದಲ್ಲಿ ಹದಿನಾಲ್ಕಕ್ಕಿಂತ ಹೆಚ್ಚು ಕೋಲು ಇರಕೂಡದು. ಹೊರಡುವ ಮೊದಲು ಎಣಿಸುವುದು ಕ್ಯಾಡಿಯ ಮೊದಲ ಕೆಲಸ. ಕೊನೆಯ ದಿನ ಬೆಳಿಗ್ಗೆ ಅಪ್ಪ ಒಂದೊಂದನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ ಹೊಳೆಯಿಸಿಟ್ಟಿದ್ದ. ಅಪ್ಪ ಮುಟ್ಟಿದ್ದಾನೆ ಎಂದಮೇಲೆ ಎಣಿಸುವುದೇನು ಎಂದು ಅವಳೂ ಸುಮ್ಮನಿದ್ದಳು.

ಎರಡನೆಯ ಕುಳಿಯ ದಾರಿಯಲ್ಲಿ ಕೋಲಿಗಾಗಿ ಚೀಲಕ್ಕೆ ಕೈಹಾಕಿದಾಗ ಬೆರಳಿಗೆ ತಗುಲಿದ್ದು ಸೈಕಲ್ ಟ್ಯೂಬು. ನೋಡದೆಯೇ ಗೊತ್ತಾಯಿತು, ಆದರೂ ಎಣಿಸಿದಳು. ಹದಿನೈದು.

"ಸಿಕ್ತಾ?" ಅಪ್ಪ ಹಿಗ್ಗಿನಿಂದ ಪಿಸುಗುಟ್ಟಿದ. "ಇವತ್ತು ಜೊತೇಲಿರಲಿ ಅಂತ ಹಾಕ್ದೆ. ನಿನ್ನ ಮೊದಲ್ನೇದು ಅಲ್ವಾ."

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಹಾಗೆ ಅವನಿಗೆ ಆ ತುಕ್ಕು ಹಿಡಿದ ತುಂಡು. ಅಂದು ಅವಳ ಜೊತೆ ಆಡುತ್ತಿದ್ದವಳು ದೂರದಲ್ಲಿ ತನ್ನ ಚೆಂಡು ಹುಡುಕುತ್ತಿದ್ದಳು. ಗಿಡ್ಡವನ್ನು ಮಳೆಕೋಟಿನಡಿ ತಳ್ಳಿ ಜಿಪ್ಪು ಎಳೆದಿದ್ದರೆ ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ. ತಾನು ಮಾಡಿದ್ದು ತಪ್ಪೆಂದು ಅಪ್ಪನಿಗೂ ಸಹ. ಅವಳ ಕೈ ಜಿಪ್ಪಿನ ತನಕ ಹೋಯಿತು ಎಂಬುದನ್ನು ಮುಚ್ಚಿಡುವುದೇಕೆ? ಜಾಗ ಹೋಗುತ್ತದೆಂಬ ಭಯ ಒಂದು ಕಡೆ. ಈ ಮುದುಕನ ಮುಖ ಬಾಡುವುದನ್ನು ನೋಡಬೇಕಲ್ಲ ಎಂಬುದು ಅದಕ್ಕಿಂತ ದೊಡ್ಡದು.

ಜಿಪ್ಪು ಬಿಟ್ಟು ಕೈಯೆತ್ತಿ ತೀರ್ಪುಗಾರನನ್ನು ಕರೆದಳು.

"ಮಕ್ಕಳ ಕೋಲಲ್ವಾ ಮೇಡಂ ಇದು?" ಎಂದ ಆತ, ಪಾಪ, ತಾನೇ ಸಂಕೋಚಪಟ್ಟುಕೊಂಡು.

"ಕೋಲು ಕೋಲೇ ಸರ್. ಬರ್ಕೊಳ್ಳಿ."

ಮುಗಿದ ಮೊದಲನೆಯದು, ನಡೆಯುತ್ತಿದ್ದ ಎರಡನೆಯದು, ಕುಳಿಗೆ ಎರಡರಂತೆ ನಾಲ್ಕು ಹೊಡೆತದ ದಂಡ ಬಿತ್ತು. ಅಪ್ಪ ಇಬ್ಬರ ಮುಖವನ್ನೂ ನೋಡುತ್ತಿದ್ದ. ಅರ್ಥವಾದಾಗ ಚೀಲವನ್ನು ಮೆಲ್ಲಗೆ ನೆಲಕ್ಕಿಳಿಸಿ, ಬಿಸಿ ಪಾತ್ರೆ ಮುಟ್ಟಿದವನಂತೆ ಕೈ ಹಿಂದೆ ತೆಗೆದ.

ಉಳಿದ ಹದಿನೇಳು ಕುಳಿಗಳನ್ನು ಅವಳು ಹಲ್ಲು ಕಚ್ಚಿ ಆಡಿದಳು. ಇಡೀ ವರ್ಷದಲ್ಲಿ ಅಷ್ಟು ಚೆನ್ನಾಗಿ ಆಡಿರಲಿಲ್ಲ. ಕೊನೆಗೆ ಮೂರು ಹೊಡೆತದಿಂದ ಇಪ್ಪತ್ತರ ಗೆರೆ ತಪ್ಪಿತು. ಆ ನಾಲ್ಕು ಇಲ್ಲದಿದ್ದರೆ ಒಂದು ಮಿಕ್ಕುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಹೊಡೆತಗಳ ಲೆಕ್ಕದ ಚೀಟಿಗೆ ಸಹಿ ಹಾಕಿ ಹೊರಬಂದಾಗ ಅಪ್ಪ ಗೋಡೆಗೊರಗಿ ಕೂತಿದ್ದ. "ನೀನು ಹೇಳ್ದೆ ಇದ್ದಿದ್ರೆ ಅವರಿಗೆ ಗೊತ್ತಾಗ್ತಿತ್ತಾ?"

"ಇಲ್ಲ."

"ಮತ್ಯಾಕೆ ಹೇಳ್ದೆ?"

"ಕಿತ್ತೋರೇ ಮುಚ್ಚಬೇಕು ಅಂದೋನು ನೀನೇ ಅಲ್ವಾ."

"ಕಿತ್ತೋನು ನಾನು ಕಣಮ್ಮಾ," ಎಂದ ಅಪ್ಪ. "ಮುಚ್ಚಿದ್ದು ನೀನು."

ಆಮೇಲೆ ಅಪ್ಪ ಅವಳ ಕೋಲುಗಳನ್ನು ಮುಟ್ಟುವುದನ್ನೇ ಬಿಟ್ಟ. ಒರೆಸುವ ಬಟ್ಟೆ ಮೊಳೆಗೆ ನೇತುಹಾಕಿದಲ್ಲೇ ಒಣಗಿ ಸೆಟೆದುಕೊಂಡಿತು. ಗಿಡ್ಡವನ್ನು ಎಲ್ಲಿ ಬಚ್ಚಿಟ್ಟನೆಂದು ಹೇಳಲಿಲ್ಲ. ಅವಳು ಅಭ್ಯಾಸಕ್ಕೆ ಹೊರಟರೆ ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದ. ಜಾಗ ಹೋದ ದುಃಖ ಅವಳಿಗೆ ಒಂದು ತಿಂಗಳಲ್ಲಿ ಇಳಿಯಿತು; ಈ ದುಃಖ ಇಳಿಯಲಿಲ್ಲ.

ಅರ್ಹತಾ ಪಂದ್ಯಕ್ಕೆ ನಾಲ್ಕು ದಿನವಿರುವಾಗ ಅಕ್ಕಿ ಡಬ್ಬದ ಹಿಂದೆ ಗಿಡ್ಡ ಸಿಕ್ಕಿತು. ತೀರ್ಪುಗಾರನಿಗೆ ಫೋನು ಮಾಡಿದಳು. ಆ ಹಿಡಿಯ ಕೋಲಿನಿಂದ ಹೊಡೆಯುವಂತಿಲ್ಲ, ಹೊರಲು ಮಾತ್ರ ಅಡ್ಡಿಯಿಲ್ಲ, ಆದರೆ ಲೆಕ್ಕಕ್ಕೆ ಸೇರುತ್ತದೆ ಎಂದ ಆತ. ಅವಳು ಅಪರೂಪಕ್ಕೆ ಬಳಸುವ ಉದ್ದ ಕೋಲೊಂದನ್ನು ತೆಗೆದು ಮೂಲೆಗಿಟ್ಟಳು. ತರಬೇತುದಾರ, "ಬುದ್ಧಿ ನೆಟ್ಟಗಿದೆಯಾ ನಿಂಗೆ?" ಎಂದು ರೇಗಿದ. ನ್ಯಾಯವಾಗಿ ಕೇಳಿದರೆ ಅವನದೇ ಸರಿ.

ಪಂದ್ಯದ ದಿನ ಅಪ್ಪನನ್ನು ಕೈಹಿಡಿದು ಎಳೆದುಕೊಂಡೇ ಬಂದಳು. ಹದಿನೆಂಟರ ಪೋರಿಯರ ಸಾಲು, ನಡುವೆ ಇವಳು. ಸರದಿ ಬಂದಾಗ ಚೀಲವನ್ನು ಅಪ್ಪನ ಕಾಲಬುಡದಲ್ಲಿಟ್ಟಳು.

"ಎಣಿಸು."

"ನಾನು ಮುಟ್ಟಲ್ಲ."

"ಕ್ಯಾಡಿ ಎಣಿಸ್ದೆ ನಾನು ಆಡಲ್ಲ."

ಅಪ್ಪ ಬಗ್ಗಿದ. ಒಂದೊಂದರ ತಲೆಯ ಮೇಲೂ ಬೆರಳಿಟ್ಟು, ಶಾಲೆಯ ಹುಡುಗನಂತೆ ಗಟ್ಟಿಯಾಗಿ ಎಣಿಸತೊಡಗಿದ. ಹುಡುಗಿಯರು ತಿರುಗಿ ನೋಡಿದರು. ಹದಿಮೂರು ಮುಗಿದು ಕೈ ಸೈಕಲ್ ಟ್ಯೂಬಿಗೆ ತಗುಲಿದಾಗ ನಿಂತುಬಿಟ್ಟ. ಮಗಳ ಮುಖ ನೋಡಿದ. ಮತ್ತೆ ಮೊದಲಿನಿಂದ, ಇನ್ನೂ ನಿಧಾನವಾಗಿ ಎಣಿಸಿದ.

"ಹದಿನಾಲ್ಕು," ಎಂದ. ಆಮೇಲೆ ಚೀಲವನ್ನು ಹೆಗಲಿಗೇರಿಸಿಕೊಂಡ.