ಕೊಂಡದ್ದು ಆಯಿತು, ಮಾರಿದ್ದು ಆಗಲಿಲ್ಲ

ಐದಕ್ಕೆ ಎದ್ದು ನಲ್ಲಿ ನೀರು ಹಿಡಿಯುವುದು, ಫಜರ್ ನಮಾಜು, ಅತ್ತೆ ರಹಮತ್‌ಬೀಗೆ ಸಕ್ಕರೆಯಿಲ್ಲದ ಚಹಾ ಮತ್ತು ಮಾತ್ರೆ, ಹನ್ನೆರಡು ರೊಟ್ಟಿ, ಮಗಳ ಯೂನಿಫಾರಂಗೆ ಇಸ್ತ್ರಿ. ನ್ಯಾಮತಿಯ ನುಜಹತ್ ಬೆಳಕು ಹರಿಯುವ ಮೊದಲೇ ಇಷ್ಟೂ ಮುಗಿಸುತ್ತಾಳೆ. ಲ್ಯಾಪ್‌ಟಾಪ್ ಇರುವುದು ಗ್ಯಾಸ್ ಕಟ್ಟೆಯ ಮೇಲೆ, ಹಿಟ್ಟಿನ ಡಬ್ಬಿಯ ಪಕ್ಕ. "ಮನೇಲೇ ಇರ್ತಾಳೆ" ಎಂದು ಗಂಡ ತೌಸಿಫ್ ಅವಳನ್ನು ಪರಿಚಯಿಸುತ್ತಾನೆ.

ಹೊನ್ನಾಳಿಯಲ್ಲಿ ಬಿ.ಸಿ.ಎ. ಓದಿದವಳು. ಎಂಟು ವರ್ಷ ಟ್ಯೂಷನ್ ಹೇಳಿ ಕೂಡಿಸಿದ್ದನ್ನು ತನ್ನ ಹೆಸರಿನ ಷೇರು ಖಾತೆಗೆ ಹಾಕಿ, ತಾನಾಗಿಯೇ ಕೊಂಡು ಮಾರುವ ಒಂದು ಪ್ರೋಗ್ರಾಂ ಬರೆದಿದ್ದಳು. ಎರಡು ಸಿಮೆಂಟ್ ಕಂಪನಿಗಳ ಬೆಲೆ ಸಾಮಾನ್ಯವಾಗಿ ಜೊತೆಗೇ ಏರಿಳಿಯುತ್ತದೆ. ಅಂತರ ಹಿಗ್ಗಿದಾಗ ಏರಿದ್ದನ್ನು ಮಾರಿ, ಇಳಿದದ್ದನ್ನು ಕೊಳ್ಳುವುದು; ಅದು ಮತ್ತೆ ಕುಗ್ಗಿದಾಗ ಲಾಭ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೂತು ತೌಸಿಫ್ ಅದನ್ನು "ನನ್ನ ಸಾಫ್ಟ್‌ವೇರ್" ಎನ್ನುತ್ತಿದ್ದ.

ಸೋಮವಾರ ಒಂದೇ ದಿನದಲ್ಲಿ ಖಾತೆಯ ಮೂರನೇ ಒಂದು ಪಾಲು ಹೋಯಿತು.

ಮಂಗಳವಾರ ರೊಟ್ಟಿ ತಟ್ಟುತ್ತಲೇ ಪ್ರೋಗ್ರಾಂನ ದಾಖಲೆ ಓದಿದಳು. ಕೊಳ್ಳುವ ಆರ್ಡರ್ ಆಗಿದೆ, ಮಾರುವುದು ತಿರಸ್ಕೃತ. ಕೊಂಡದ್ದು ಇಳಿಯುತ್ತಲೇ ಹೋಗಿದೆ. ಎರಡನೆಯದು ಆಗದಿದ್ದರೆ ಮೊದಲು ಕೊಂಡದ್ದನ್ನೂ ಕೂಡಲೇ ಮಾರಿಬಿಡು ಎನ್ನುವ ಸಾಲೇ ಇರಲಿಲ್ಲ. ಅದನ್ನು ಬರೆಯಬೇಕಿದ್ದ ದಿನ ಸವಳಂಗದಿಂದ ನಾದಿನಿಯ ಅತ್ತೆಮನೆಯವರು ಹೇಳದೆ ಬಂದಿದ್ದರು, ಹದಿನಾಲ್ಕು ಜನ. ಪಾತ್ರೆ ತೊಳೆದು ಬಂದು ಕೂತಾಗ ಅದನ್ನು ಮರೆತು ಮುಂದಿನ ಸಾಲಿನಿಂದ ಬರೆಯತೊಡಗಿದ್ದಳು.

ಆ ತಪ್ಪು ತನ್ನದು. ಆದರೆ ಮಾರಾಟ ಯಾಕೆ ತಿರಸ್ಕೃತವಾಯಿತು? ಒಂದೊಂದು ಆರ್ಡರಿಗೂ ಇದ್ದ ಹಣದ ಎರಡು ಪಟ್ಟು ಎಂದು ಅವಳು ಬರೆದಿದ್ದ ಕಡೆ ಈಗ ಐದು ಇತ್ತು.

"ಐದು ಮಾಡಿದ್ಯಾರು ರೀ?" ಚಹಾಕ್ಕೆ ಬಂದ ತೌಸಿಫ್‌ನನ್ನು ಕೇಳಿದಳು.

"ನಾನೇ. ಎರಡ್ರಾಗೆ ಏನ್ ಬರ್ತೈತೆ? ಪಾತ್ರೆ ತಿಕ್ಕೋರಿಗೆ ಧೈರ್ಯ ಎಲ್ಲಿಂದ ಬರಬೇಕು."

"ಎರಡಕ್ಕೂ ಸೇರಿ ಹತ್ತಾಯ್ತು. ಬ್ರೋಕರ್ ಕೊಡೋದೇ ಒಟ್ಟು ಐದು ಪಟ್ಟು. ಒಂದನ್ನ ಕೊಳ್ಳಾಕೇ ಎಲ್ಲಾ ಮುಗೀತು."

"ಪಾಠ ಬ್ಯಾಡ, ರಿಪೇರಿ ಮಾಡು. ಐದೇ ಇರ್ಲಿ. ಹೋಗಿದ್ದು ಇವತ್ತೇ ವಾಪಸ್ ಬರಬೇಕು."

"ಇಂಜಿನಿಯರಮ್ಮಾ, ರೊಟ್ಟಿ ಸೀದೈತೆ!" ಒಳಗಿನಿಂದ ರಹಮತ್‌ಬೀ ಕೂಗಿದಳು.

ತೌಸಿಫ್ ಅಂಗಡಿಗೆ ಹೋದ. ಒಂಬತ್ತೂಕಾಲಿಗೆ ಮಾರುಕಟ್ಟೆ ತೆರೆದಾಗ ಫೋನಿನಿಂದ ಪ್ರೋಗ್ರಾಂ ಶುರು ಮಾಡುವುದು ಅವನೇ.

ನುಜಹತ್ ಬಿಟ್ಟುಹೋದ ಸಾಲನ್ನು ಬರೆದಳು. ಹಳೆಯ ಬೆಲೆಗಳ ಮೇಲೆ ಓಡಿಸಿ ನೋಡಿದಳು, ಸರಿಯಿತ್ತು. ಐದನ್ನು ಎರಡು ಮಾಡಿದರೆ ಅವನು ಅಂಗಡಿಯಿಂದಲೇ ಮತ್ತೆ ಐದು ಮಾಡುತ್ತಾನೆ. ಮಾಡಲು ಬಿಡದಿದ್ದರೆ, ಮಧ್ಯಾಹ್ನ ಊಟಕ್ಕೆ ಬಂದಾಗ ಏನಾಗುತ್ತದೆಂದೂ ಗೊತ್ತಿತ್ತು. ಓಣಿಗೆ ಕೇಳುವಷ್ಟು ಕೂಗಾಟ ಆಗುತ್ತದೆ.

ಅವಳು ಎರಡು ಎಂದು ಬರೆದಳು. ಆಮೇಲೆ ಅವನ ಫೋನಿಗೆ ಕೊಟ್ಟಿದ್ದ ಅನುಮತಿಯನ್ನು ಅಳಿಸಿ, ಪ್ರೋಗ್ರಾಂ ತಾನೇ ಶುರು ಮಾಡಿದಳು.