ಕಾರ್ಡುಗಳ ಬೆನ್ನಿನ ಕೆಂಪು ಗೆರೆ

ಆ ಕೆಂಪು ಗೆರೆ ನನ್ನದಲ್ಲ. ಐವತ್ತು ವರ್ಷ ನನ್ನದೆಂದೇ ಹೇಳಿಕೊಂಡು ಬಂದೆ — ಜಂಬದಿಂದ, ಮೀಸೆ ತಿರುವಿಕೊಂಡು. ಅದು ಆದಿವಾಲದ ಕೆಂಚಮ್ಮನದು.

ನನ್ನ ಕೈಕೆಳಗೆ ಪಳಗಿದ ಪ್ರೋಗ್ರಾಮರುಗಳಿಗೆಲ್ಲ ನನ್ನ ಉಪದೇಶ ಬಾಯಿಪಾಠ. ಡೇಟಾಬೇಸ್ ಎಷ್ಟೇ ದೊಡ್ಡದಿರಲಿ, ಕಲಸಿಹೋದರೆ ಮತ್ತೆ ಜೋಡಿಸುವ ದಾರಿ ಅದರೊಳಗೇ ಇರಬೇಕು. ದುಬಾರಿ ಸಾಫ್ಟ್‌ವೇರ್ ಕೊಂಡು ಮೆರೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಒಳ್ಳೆಯ ಸಾಧನ ನೋಡಿದ ತಕ್ಷಣ ಅರ್ಥವಾಗಬೇಕು. ಹೊತ್ತು ಮುಗಿದ ಮೇಲೂ ಕುರ್ಚಿಗೆ ಅಂಟಿಕೊಂಡವನು ಶ್ರಮಜೀವಿಯಲ್ಲ, ಬೆಳಗ್ಗೆ ಸರಿಯಾಗಿ ಯೋಚಿಸದವನು. ಇಷ್ಟೆಲ್ಲ ಕೊರೆದು ಕೊನೆಗೆ ‘ನನ್ನ’ ಗೆರೆಯ ಕಥೆ ಹೇಳುತ್ತಿದ್ದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಥೂ!

ಎಪ್ಪತ್ತರ ದಶಕದ ಮಾತು. ಚಿತ್ರದುರ್ಗದ ಒಂದು ಕಚೇರಿಯಲ್ಲಿ ನಾನು ಪ್ರೋಗ್ರಾಮರ್ — ಕಂಪ್ಯೂಟರ್ ಮಾತ್ರ ಬೆಂಗಳೂರಿನಲ್ಲಿ! ಬರೆದ ಪ್ರೋಗ್ರಾಮಿನ ಒಂದೊಂದು ಸಾಲಿಗೂ ಒಂದೊಂದು ರಟ್ಟಿನ ಕಾರ್ಡಿನಲ್ಲಿ ತೂತು ಹೊಡೆದು, ಆ ಕಾರ್ಡುಗಳ ಕಟ್ಟನ್ನು ಬಸ್ಸಿನಲ್ಲಿ ಒಯ್ದು ಯಂತ್ರಕ್ಕೆ ತಿನ್ನಿಸಬೇಕು. ಒಂದು ಕಾರ್ಡು ಹಿಂದುಮುಂದಾದರೂ ಕೆಲಸ ಕೆಟ್ಟಿತು. ಅದಕ್ಕೆಂದೇ ಪ್ರತಿ ಕಾರ್ಡಿನ ತುದಿಯಲ್ಲಿ ಕ್ರಮಸಂಖ್ಯೆಗೆ ಜಾಗವಿತ್ತು. ನಾನು ಆ ಸಂಖ್ಯೆ ಹೊಡೆಯುತ್ತಿರಲಿಲ್ಲ — ಸೋಮಾರಿ. ಕಟ್ಟು ಬಿದ್ದು ಚೆಲ್ಲಾಡುತ್ತದೆ ಎಂದು ಯಾರು ಕಂಡಿದ್ದರು?

ಕೆಂಚಮ್ಮ ಕಂಡಿದ್ದಳು. ಕುರಿ ಸಾಕುವ ಮನೆಯ ಮಗಳು, ಎಸ್ಸೆಸ್ಸೆಲ್ಸಿ ಪಾಸು. ಕಾರ್ಡುಗಳಿಗೆ ದಾರ ಕಟ್ಟುವ ದಿನಗೂಲಿ ಕೆಲಸ ಆಕೆಯದು. ಒಂದು ಶನಿವಾರ ನನ್ನ ಕಟ್ಟನ್ನು ಒತ್ತಿ ಹಿಡಿದು, ಅದರ ಬೆನ್ನಿನ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಶಾಯಿಯಲ್ಲಿ ಓರೆಗೆರೆ ಎಳೆದುಬಿಟ್ಟಳು. ನಾನು ಕೂಗಾಡಿದೆ.

“ಹಿಂಡು ಬೆರೆತು ಹೋದ್ರೆ ಗುರ್ತು ಸಿಗ್ಲಿ ಅಂತ ಕುರಿಗೆ ಬಣ್ಣ ಹಚ್ತೀವಲ್ಲ ಸಾರ್. ನಿಮ್ಮ ಕಾರ್ಡಿಗೂ ಒಂದು ಇರ್ಲಿ ಬಿಡ್ರಿ,” ಎಂದಳು.

ಅವತ್ತೇ ಮಧ್ಯಾಹ್ನ ಕಟ್ಟು ಹಿಡಿದು ಬೆಂಗಳೂರಿನ ಬಸ್ಸು ಹತ್ತಿದೆ. ಹಿರಿಯೂರಿನಾಚೆ ತನ್ನೂರು ಆದಿವಾಲಕ್ಕೆ ಹೊರಟಿದ್ದ ಕೆಂಚಮ್ಮನೂ ಅದರಲ್ಲೇ ಇದ್ದಳು. ಹಿರಿಯೂರಿನಲ್ಲಿ ಟೀ ಕುಡಿಯೋಣವೆಂದು ಇಳಿಯುವಾಗ ಮೆಟ್ಟಿಲ ಮೇಲೆ ಕಾಲು ಜಾರಿತು ನೋಡಿ — ದಾರ ಹರಿದು, ಕಾರ್ಡುಗಳೆಲ್ಲ ತೆಂಗಿನಕಾಯಿ ಮೂಟೆಗಳ ಸಂದಿಗೊಂದಿಯಲ್ಲಿ! ಕಂಡಕ್ಟರು, ಕಾಯಿ ವ್ಯಾಪಾರಿ, ಬಸ್ಸಿಗೆ ಕಾಯುತ್ತಿದ್ದವರು, ಎಲ್ಲರೂ ಬಗ್ಗಿ ಆರಿಸತೊಡಗಿದರು.

“ಇದೆಂಥ ಇಸ್ಪೀಟ್ರೀ? ರಾಜ ಇಲ್ಲ, ರಾಣಿ ಇಲ್ಲ!” ಎಂದ ವ್ಯಾಪಾರಿ. ಜನ ಬಿದ್ದು ಬಿದ್ದು ನಕ್ಕರು. ನನಗೆ ಅಳುವೇ ಬಂದಿತ್ತು.

ಕೆಂಚಮ್ಮ ಹೋಟೆಲಿನ ಬೆಂಚಿನ ಮೇಲೆ ರಾಶಿ ಹಾಕಿಕೊಂಡು, “ಅಳಬ್ಯಾಡ್ರಿ, ಗೆರೆ ನೋಡ್ಕಂಡು ಜೋಡ್ಸಾಣ ಬರ್ರಿ,” ಎಂದಳು. ಪ್ರತಿ ಕಾರ್ಡಿನ ಅಂಚಿನಲ್ಲೂ ಒಂದು ಕೆಂಪು ಚುಕ್ಕೆ. ಚುಕ್ಕೆ ಎಲ್ಲಿದೆಯೋ ಅದೇ ಆ ಕಾರ್ಡಿನ ಸರದಿ. ಮುಂದಿನ ಬಸ್ಸು ಬರುವಷ್ಟರಲ್ಲಿ ಗೆರೆ ತುಂಡಿಲ್ಲದೆ ಕೂಡಿತ್ತು. ಸುತ್ತ ನಿಂತವರು ಹೋ ಎಂದರು, ನಾನು ನಿಂತಲ್ಲೇ ಕುಣಿದೆ. ಅಂಥ ಸಂತೋಷ ಆಮೇಲೆ ಎಂಥೆಂಥ ಯಂತ್ರದ ಮುಂದೆ ಕೂತರೂ ಸಿಗಲಿಲ್ಲ. ಪ್ರೋಗ್ರಾಮು ಮೊದಲ ಸಲಕ್ಕೇ ಓಡಿತು.

ವಾಪಸು ಬಂದಾಗ ನಮ್ಮ ಸಾಹೇಬರು ಕಟ್ಟನ್ನು ತಿರುಗಿಸಿ ನೋಡಿ ಕೇಳಿದರು: “ಭೇಷ್! ಯಾರ ತಲೇರಿ ಇದು? ಬೆಂಗಳೂರಲ್ಲಿ ಕಂಪ್ಯೂಟರ್ ಟ್ರೈನಿಂಗಿಗೆ ನಮಗೊಂದು ಸೀಟು ಬಂದಿದೆ. ಈ ಗೆರೆ ಎಳೆದವರೇ ಹೋಗ್ಲಿ.”

ಕೆಂಚಮ್ಮ ಹೊರಗೆ ದಾರ ಕಟ್ಟುತ್ತಿದ್ದಳು — ಕೂಗಿದರೆ ಕೇಳುವಷ್ಟು ಹತ್ತಿರ.

“ನಂದೇ ಸಾರ್,” ಎಂದೆ.

ಹೋದೆ, ಕಲಿತೆ, ದೊಡ್ಡ ಮನುಷ್ಯನಾದೆ. ಆಕೆ ಮುಂದಿನ ವರ್ಷ ಕೆಲಸ ಬಿಟ್ಟು ಊರು ಸೇರಿದಳು.

ಹೋದ ತಿಂಗಳು ಆದಿವಾಲಕ್ಕೆ ಹೋಗಿದ್ದೆ. ಕುರಿ ಕೂಡುವ ರೊಪ್ಪದ ಮುಂದೆ ಕೂತಿದ್ದ ಕೆಂಚಮ್ಮನಿಗೆ, ನಿಮ್ಮ ಗೆರೆಯನ್ನು ನನ್ನದು ಎಂದುಬಿಟ್ಟೆ ಎಂದೆ. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಅಯ್ಯೋ ಸಿವನೇ! ಒಂದು ಗೆರೆಗೆ ಇಷ್ಟು ದೂರ ಬಂದ್ರಾ? ಇಟ್ಕಳ್ರಿ ಸಾರ್, ಇಲ್ನೋಡ್ರಿ, ನಂತಾವ ಬೇಕಾದಷ್ಟು ಅವೆ!” — ರೊಪ್ಪದೊಳಗೆ ಒಂದೊಂದು ಕುರಿಯ ಬೆನ್ನ ಮೇಲೂ ಕೆಂಪು ಗೆರೆ. ನಾನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅಲ್ಲಿಗೇ ಎದ್ದು ಬಂದುಬಿಡಬಹುದಿತ್ತು. ಮನಸ್ಸು ಅದನ್ನೇ ಹೇಳಿತು ಕೂಡ — ಸಾಕು, ಮುಗಿಯಿತಲ್ಲ...

ಮುಗಿದಿರಲಿಲ್ಲ. ಸೀಟಿನ ವಿಷಯವನ್ನೂ ಹೇಳಿದೆ.

ಆಕೆಯ ನಗು ನಿಂತಿತು. “ಎಷ್ಟು ದಿನದ್ದಿತ್ತು ಸಾರ್ ಟ್ರೈನಿಂಗು?”

“ಆರು ತಿಂಗಳು.”

ಆಕೆ ಕುರಿಗಳ ಕಡೆ ತಿರುಗಿದಳು.

“ನಾನು ಹೋಗ್ತಿದ್ದೆ ಸಾರ್,” ಎಂದಳು.

ಆಮೇಲೆ ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದು ಕೊಟ್ಟಳು. ತಲೆಯೆತ್ತದೆ ಕುಡಿದೆ. ಇನ್ನು ಯಾರಾದರೂ ಗೆರೆಯ ಕಥೆ ಹೇಳಿ ಎಂದರೆ ಹೇಳುತ್ತೇನೆ — ಹಿರಿಯೂರಿನ ನಗುವಿಗೆ ನಿಲ್ಲಿಸದೆ, ಆಕೆಯ ಆ ಮಾತಿನವರೆಗೂ ಹೇಳುತ್ತೇನೆ.